ದದದದ ಪಪ ಗಗ ಪ

ಕೇಳುಗರೆಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹಾರ್ಮೋನಿಯಂ ಇದ್ದವರು ಹತ್ತಿರ ಎಳೆದುಕೊಳ್ಳಿ. ಮೋಹನ ರಾಗದಲ್ಲಿ ನುಡಿಸಿ: ದದದದ, ಪಪ, ಗಗ, ಪ. ಮೊದಲ ನಾಲ್ಕು ಚುರುಕಾಗಿ ಬರಲಿ. ಇಷ್ಟೇ ಆದರೆ ಅದು ನಮ್ಮ ಮೋಹನವೇ. ಈಗ ಪ್ರತಿ ಸ್ವರದ ಜೊತೆಗೆ, ಸ-ಮ ದೂರದಲ್ಲಿರುವ ಮೇಲಿನ ಸ್ವರವನ್ನೂ ಒತ್ತಿ: ದ ಜೊತೆ ತಾರದ ರಿ, ಪ ಜೊತೆ ತಾರದ ಸ, ಗ ಜೊತೆ ದ. ಪಕ್ಕದಲ್ಲಿರುವ ಮಗು 'ಚೈನೀಸ್' ಅಂದರೆ ಆಶ್ಚರ್ಯಪಡಬೇಡಿ. ಯಾರು ಹೇಳಿಕೊಟ್ಟರು? ಶಾಲೆಯಲ್ಲ, ಅಪ್ಪ ಅಮ್ಮ ಅಲ್ಲ. ಹಾಡು ಹೇಳಿಕೊಟ್ಟಿತು. ಹಾಡು ವಾದ ಮಾಡುವುದಿಲ್ಲ, ಮತ್ತೆ ಮತ್ತೆ ಕೇಳಿಸುತ್ತದೆ.

ಈ ತುಣುಕು ಚೀನಾದ್ದಲ್ಲ. 19ನೇ ಶತಮಾನದ ಅಮೆರಿಕದ ರಂಗಮಂದಿರಗಳಲ್ಲಿ ಚೀನೀ ದೃಶ್ಯಕ್ಕೆಂದು ಇಂಥವನ್ನು ನುಡಿಸುತ್ತಿದ್ದರು. ಆಮೇಲೆ ಕಾರ್ಟೂನುಗಳಿಗೆ ಬಂತು. ಜಗತ್ತಿಗೆಲ್ಲ ಹಂಚಿದ್ದು 1974ರ 'ಕುಂಗ್ ಫೂ ಫೈಟಿಂಗ್'. ಹಾಡಿದ ಕಾರ್ಲ್ ಡಗ್ಲಸ್ ಜಮೈಕಾದಲ್ಲಿ ಹುಟ್ಟಿದವರು. ಹಾಡನ್ನು ನಿರ್ಮಿಸಿದ ಬಿದ್ದು ಅಪ್ಪಯ್ಯ ನಮ್ಮ ಬೆಂಗಳೂರಿನಲ್ಲೇ ಹುಟ್ಟಿ, ಇಲ್ಲೇ ಬ್ಯಾಂಡ್ ಕಟ್ಟಿ, ಇಂಗ್ಲೆಂಡಿಗೆ ಹೋದವರು. ರೆಕಾರ್ಡಿನ ಹಿಂಬದಿಗೆ ಸಾಕು ಅಂತ, ಸ್ಟುಡಿಯೋ ಹೊತ್ತಿನ ಕೊನೆಯ ಹತ್ತು ನಿಮಿಷದಲ್ಲಿ ಮುಗಿಸಿದ ಹಾಡು ಅದು. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. ಹಗೆಯಿಂದ ಮಾಡಿದ್ದಲ್ಲ, ಜನ ಕುಣಿಯಲಿ ಅಂತ ಮಾಡಿದ್ದು. ನಾನು ಹೇಳುವುದೂ ಅದೇ: ಹಗೆ ಬೇಕಾಗಿಲ್ಲ. ಅವಸರದಲ್ಲಿ ಕೈ ಹೋಗುವುದು ಎಲ್ಲರ ಕಿವಿಗೂ ಪರಿಚಯವಿರುವ ತುಣುಕಿಗೆ. ಅದು ಮತ್ತೆ ಮತ್ತೆ ಕೇಳಿಸಿ ಒಂದು ಜನಾಂಗದ ಗುರುತೇ ಆಗಿಬಿಡುತ್ತದೆ. ಬೆಂಗಳೂರಿನ ಈಜಿಪುರದ ಬೀದಿಯಲ್ಲಿ ನಡೆದು ಹೋಗುವ ಮಣಿಪುರದ ಹುಡುಗಿಯ ಬೆನ್ನಿಗೆ ಅದನ್ನು ಗುನುಗಿದರೆ, ನೀನು ಈ ದೇಶದವಳಲ್ಲ ಅಂದ ಹಾಗೆ. ದಯವಿಟ್ಟು ಅದನ್ನು ತಮಾಷೆ ಅನ್ನಬೇಡಿ.

ಹೊತ್ತಾಗುತ್ತಿದೆ, ಇದನ್ನು ಬೇಗ ಹೇಳುತ್ತೇನೆ. 1830ರ ಸುಮಾರಿಗೆ ಅಮೆರಿಕದಲ್ಲಿ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಮಸಿ ಬಳಿದುಕೊಂಡು 'ಜಿಮ್ ಕ್ರೋ' ಎಂಬ ಕಪ್ಪು ಪಾತ್ರವಾಗಿ ಹಾಡಿ ಕುಣಿದ. ಕಪ್ಪು ಜನರನ್ನು ಬೇರೆ ಕೂರಿಸುವ ಕಾನೂನುಗಳಿಗೆ ಆ ಹೆಸರೇ ಅಂಟಿತು. ಅವು 1960ರ ದಶಕದವರೆಗೂ ನಡೆದವು.

ಶಾಲಾ ವಾರ್ಷಿಕೋತ್ಸವ ಮಾಡಿಸುವ ಮೇಷ್ಟ್ರೇ, ಟೀಚರೇ, ಕಾಡಿನ ಜನ ಅಂತ ಮಕ್ಕಳಿಗೆ ಮಸಿ ಬಳಿದು ಅರ್ಥವಿಲ್ಲದ ಕೂಗು ಕೂಗಿಸಬೇಡಿ. ಹಾಡು ಆರಿಸುವ ಮೊದಲು ದೃಶ್ಯ ನೋಡದೆ ಮೂರು ಸಲ ಕೇಳಿ. ಪಲ್ಲವಿಯನ್ನು ಬರೆದುಕೊಳ್ಳಿ, ಮಗುವಿನ ಬಾಯಲ್ಲಿ ಉಳಿಯುವುದು ಅದೇ. ಅದರಲ್ಲಿ ಆ ಜನಕ್ಕೆ ಹೆಸರು, ಊರು, ಮಾತು ಇದೆಯೋ, ಬರೀ ಮೈಬಣ್ಣವೋ ನೋಡಿ. ಆಫ್ರಿಕಾ ಮೂಲದವರ ಕುಣಿತವೇ ಬೇಕೆ? ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಡಮಾಮಿ ಇದೆ. ಕೀಬೋರ್ಡಿನಲ್ಲಿ ಡೋಲಿನ ಸದ್ದು ಹಾಕುವ ಬದಲು ಅವರನ್ನೇ ಕರೆಸಿ, ಸಂಭಾವನೆ ಕೊಡಿ, ಅವರವರ ಹೆಸರು, ಊರು ಮೈಕಿನಲ್ಲಿ ಹೇಳಿ. ನಮಸ್ಕಾರ.