ಅಜ್ಜನ ಪಿಂಗಾಣಿ ಸಿಂಕಿಗೆ ಹೊಸ ಬಿಳುಪು

ಕ್ಯಾಮೆರಾವನ್ನು ಕಿಟಕಿಯ ಸರಳಿಗೆ ಕಟ್ಟಿದ್ದೇನೆ, ಅದಕ್ಕೇ ಚಿತ್ರ ಸ್ವಲ್ಪ ಓರೆ. ಎದುರಿಗಿರುವುದು ನಮ್ಮ ಹಿತ್ತಲ ಜಗಲಿಯ ಸಿಂಕು. ಒಂದು ಕಾಲಕ್ಕೆ ಹಾಲಿನಂತೆ ಬೆಳ್ಳಗಿತ್ತು. ಈಗ ನಲ್ಲಿಯ ಕೆಳಗೆ ತುಕ್ಕಿನ ಉದ್ದನೆಯ ಗೆರೆ, ತಳದಲ್ಲಿ ಸುಣ್ಣದ ಪೊರೆ, ನೀರು ಹೋಗುವ ತೂತಿನ ಸುತ್ತ ಅಂಗೈಯಗಲ ಕಪ್ಪು. ಆ ಕಪ್ಪು ಕೊಳೆಯಲ್ಲ, ಕಬ್ಬಿಣ.

ಇದು ನಮ್ಮ ಮನೆಗೆಂದು ಮಾಡಿದ ಸಿಂಕಲ್ಲ. ಕೆಜಿಎಫ್ ಕಡೆ ಯಾವುದೋ ಹಳೆಯ ಬಂಗಲೆ ಕೆಡವಿದಾಗ ಗುಜರಿ ಅಂಗಡಿಗೆ ಬಂದಿತ್ತಂತೆ. ಅಜ್ಜ ಅದನ್ನು ಕೊಂಡು ಲಾರಿಯಲ್ಲಿ ಕೋಲಾರಕ್ಕೆ ತಂದರು. ಇಳಿಸುವುದಕ್ಕೆ ನಾಲ್ಕು ಜನ ಬೇಕಾಯಿತು ಎಂದು ಅಮ್ಮ ಈಗಲೂ ಹೇಳುತ್ತಾರೆ. ಆ ಗಣಿಯೂರಿನ ಲೋಕವೇ ಬೇರೆಯಾಗಿತ್ತು. 1902ರಲ್ಲೇ ಅಲ್ಲಿಗೆ ಶಿವನಸಮುದ್ರದಿಂದ ವಿದ್ಯುತ್ ಬಂದಿತ್ತು, ಬೇತಮಂಗಲದಿಂದ ಕೊಳಾಯಿ ನೀರು ಬರುತ್ತಿತ್ತು. ನಮ್ಮ ಬೀದಿಯಲ್ಲಿ ಆಗಿನ್ನೂ ಬಾವಿ ಸೇದುತ್ತಿದ್ದರು. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿದ ಮೇಲೆ ಆ ಕಡೆಯ ಎಷ್ಟೋ ಸಾಮಾನು ಯಾರ ಯಾರ ಮನೆ ಸೇರಿತೋ. ಅಲ್ಲಿನದೊಂದು ಚೂರು ನಮ್ಮ ಹಿತ್ತಲಿನಲ್ಲಿದೆ ಎನ್ನುವುದು ನನಗೆ ದೊಡ್ಡ ವಿಷಯ. ಸರಿ, ಕೈಯಲ್ಲಿ ಅಯಸ್ಕಾಂತ ಹಿಡಿದು ನಿಂತಿದ್ದೇನೆ, ಅದನ್ನು ಹೇಳಿಬಿಡುತ್ತೇನೆ.

ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮಾಮೂಲಿ ಅಯಸ್ಕಾಂತ. ಸಿಂಕಿಗೆ ತಾಗಿಸಿದೆ, ಟಕ್ಕೆಂದು ಹಿಡಿಯಿತು. ಅಂದರೆ ಒಳಗಿರುವುದು ಕಬ್ಬಿಣ, ನಾಲ್ಕು ಜನ ಇಳಿಸಿದ ಭಾರ ನೋಡಿದರೆ ಎರಕದ ಕಬ್ಬಿಣವೇ. ನಮ್ಮಲ್ಲಿ ಎರಡು ಬೇರೆ ವಸ್ತುಗಳಿಗೆ ಒಂದೇ ಹೆಸರಿದೆ. ಉಪ್ಪಿನಕಾಯಿ ಜಾಡಿಯೂ ಪಿಂಗಾಣಿ, ನೀಲಿ ಅಂಚಿನ ಬಿಳಿ ತಟ್ಟೆಯೂ ಪಿಂಗಾಣಿ. ಜಾಡಿ ಇಡೀ ಮಣ್ಣು, ಸುಟ್ಟು ಮೆರುಗು ಕೊಟ್ಟಿದ್ದು. ಬಿದ್ದರೆ ಹೋಳಾಗುತ್ತದೆ. ತಟ್ಟೆ ಹಾಗಲ್ಲ, ಕಬ್ಬಿಣದ ತಗಡಿನ ಮೇಲೆ ಗಾಜು. ಬಿದ್ದರೆ ಅಂಚಿನಲ್ಲಿ ಚಕ್ಕೆ ಹಾರಿ ಕಪ್ಪು ಕಾಣಿಸುತ್ತದೆ. ಅಜ್ಜ ಕೊನೆಯವರೆಗೂ ಊಟ ಮಾಡಿದ್ದು ಅಂಥ ತಟ್ಟೆಯಲ್ಲಿ. ನಮ್ಮ ಸಿಂಕು ಆ ತಟ್ಟೆಯ ಜಾತಿಯದು. ಗಾಜಿನ ಪುಡಿಯನ್ನು ಕಬ್ಬಿಣದ ಮೇಲೆ ಹರಡಿ, ಸುಮಾರು 800 ಡಿಗ್ರಿ ಕಾವಿನಲ್ಲಿ ಕರಗಿಸಿ ಕೂರಿಸುತ್ತಾರೆ. ಆ ಪದರಕ್ಕೇ ಎನಾಮೆಲ್ ಎನ್ನುವುದು. ಅದು ಬಣ್ಣವಲ್ಲ, ಗಾಜು. ಈ ಮಾತನ್ನು ಮನಸ್ಸಿನಲ್ಲಿಡಿ, ಆಮೇಲೆ ಬೇಕಾಗುತ್ತದೆ.

ಇದನ್ನು ಹಾಳು ಮಾಡಿದ್ದು ವಯಸ್ಸಲ್ಲ, ಆಸಿಡ್. ಹೋದ ವರ್ಷ ಗೌರಿ ಹಬ್ಬಕ್ಕೆ ಮನೆ ತೊಳೆಯುವಾಗ ಕಕ್ಕಸಿಗೆ ಹಾಕುವ ಆಸಿಡ್ ಬಾಟಲಿ ತಂದು ಇದರೊಳಗೆ ಸುರಿದವಳು ನಾನೇ. ಸುಣ್ಣ ಬುಸುಬುಸು ಎಂದು ನೊರೆಯೆದ್ದು ಹೋಯಿತು, ಐದು ನಿಮಿಷದಲ್ಲಿ ಬೆಳ್ಳಗಾಯಿತು, ನನಗೆ ಬಹಳ ಸಂತೋಷವಾಯಿತು. ಅದು ಹೈಡ್ರೋಕ್ಲೋರಿಕ್ ಆಮ್ಲ. ಸುಣ್ಣವನ್ನು ತಿಂದ ಹಾಗೆಯೇ ಹಳೆಯ ಎನಾಮೆಲ್ಲಿನ ಹೊಳಪನ್ನೂ ತಿಂದಿತು. ಚಕ್ಕೆ ಎದ್ದಲ್ಲಿ ಒಳಗೆ ಇಳಿದು ಕಬ್ಬಿಣವನ್ನೂ ಹಿಡಿಯಿತು. ಎರಡು ತಿಂಗಳಲ್ಲಿ ತೂತಿನ ಸುತ್ತ ತುಕ್ಕು ಉಬ್ಬಿ, ಗಾಜನ್ನು ಒಳಗಿನಿಂದ ಎತ್ತಿ ಉದುರಿಸಿತು. ಬಣ್ಣದ ಅಂಗಡಿಯಲ್ಲಾಗಲಿ ದಿನಸಿ ಅಂಗಡಿಯಲ್ಲಾಗಲಿ ಆ ಬಾಟಲಿ ಕೈಗೆತ್ತಿಕೊಂಡರೆ ಈ ಕಪ್ಪನ್ನು ನೆನಪಿಸಿಕೊಳ್ಳಿ. ದಯವಿಟ್ಟು.

ಈಗ ಸುಣ್ಣ ತೆಗೆಯುತ್ತಿದ್ದೇನೆ. ವಿನಿಗರ್‌ನಲ್ಲಿ ಅದ್ದಿದ ಹಳೆಯ ಪಂಚೆಯ ತುಂಡು, ಹತ್ತು ನಿಮಿಷ, ತೊಳೆ, ಮತ್ತೆ ಹತ್ತು ನಿಮಿಷ. ರಾತ್ರಿಯಿಡೀ ಬಿಟ್ಟರೆ ಅದೂ ಮೆರುಗನ್ನು ಮಂಕು ಮಾಡುತ್ತದೆ. ಇಷ್ಟು ದಪ್ಪದ ಪೊರೆ ಹೇಗೆ ಬಂತು ಎಂದು ಬೇರೆ ಊರಿನವರು ಕೇಳಬಹುದು. ನಮ್ಮ ಕಡೆ ಕೊಳವೆ ಬಾವಿ ಸಾವಿರ ಅಡಿ ದಾಟಿ ಹೋಗಿದೆ. ಅಷ್ಟು ಆಳದ ಕಲ್ಲಿನಿಂದ ಬರುವ ಗಡಸು ನೀರು ಬೇಳೆಯನ್ನೂ ಬೇಯಿಸುವುದಿಲ್ಲ, ಸೋಪನ್ನೂ ನೊರೆಯೇಳಲು ಬಿಡುವುದಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಅದರ ಬಗ್ಗೆ ನನಗೆ ಹೇಳಬೇಕಾದದ್ದು ಬಹಳವಿದೆ, ಆದರೆ ಪಂಚೆ ತೆಗೆಯುವ ದೃಶ್ಯ ಮುಗಿಯಿತು. ಮುಂದಕ್ಕೆ.

ಇಲ್ಲಿ ಹೊರಗೆ ಹೋಗಿದ್ದೆ, ಅಂಗಡಿಯ ಒಳಗೆ ಚಿತ್ರೀಕರಿಸಲಿಲ್ಲ. ಸ್ಟೀಲ್ ಸಿಂಕು ಮೂರೂವರೆ ಸಾವಿರಕ್ಕೆ ಸಿಗುತ್ತದೆ. ಎಪಾಕ್ಸಿ ಲೇಪನದ ಪೊಟ್ಟಣಕ್ಕೆ ಎರಡು ಸಾವಿರದ ಎಂಟುನೂರು, ಪುಟ್ಟಿ, ನೀರು ಹಾಕಿ ಉಜ್ಜುವ ವಾಟರ್ ಪೇಪರ್, ಥಿನ್ನರ್, ರೋಲರ್, ಮುಖಗವಸು ಸೇರಿ ನಾಲ್ಕು ಸಾವಿರ ಮುಟ್ಟಿತು. ಹೊಸದಕ್ಕಿಂತ ಹಳೆಯದಕ್ಕೇ ಹೆಚ್ಚು ಖರ್ಚು! ಅಂಗಡಿಯವರು ಮುಚ್ಚುಮರೆಯಿಲ್ಲದೆ ಹೇಳಿದರು, “ಅಮ್ಮಾ, ಅದನ್ನು ಗುಜರಿಗೆ ಹಾಕಿ.” ಒಂದು ಗಳಿಗೆ ನನಗೂ ಹಾಗೇ ಅನ್ನಿಸಿತು. ಗಾಜಿನ ಮೇಲೆ ಬಣ್ಣ ಬಳಿದು ಅದನ್ನು ಗಾಜು ಎಂದು ನಂಬಿಕೊಳ್ಳುವುದು ಸರಿಯಲ್ಲ ಎಂಬುದು ಆಗ ನನ್ನ ಖಚಿತ ಅಭಿಪ್ರಾಯ. ಆದರೆ ಮನೆಯಲ್ಲಿ 800 ಡಿಗ್ರಿಯ ಕುಲುಮೆಯಿಲ್ಲ, ಅಜ್ಜನ ಸಿಂಕನ್ನು ಗುಜರಿಗೆ ಹಾಕುವ ಮನಸ್ಸೂ ಇಲ್ಲ. ಹಾಗಾಗಿ ಪೊಟ್ಟಣ ತಂದೆ.

ಉಜ್ಜುವ ದೃಶ್ಯವನ್ನು ವೇಗವಾಗಿ ಓಡಿಸಿದ್ದೇನೆ, ನಿಜಕ್ಕೂ ಎರಡು ಮಧ್ಯಾಹ್ನ ಹಿಡಿಯಿತು. ಒಂದೇ ಒಂದು ಮಾತು: ಒಣಗಿದ್ದನ್ನು ಉಜ್ಜಬೇಡಿ. ಹಳೆಯ ಎನಾಮೆಲ್ಲಿನಲ್ಲಿ ಸೀಸ ಇರಬಹುದು, ಧೂಳು ಮೂಗಿಗೆ ಹೋಗಬಾರದು. ನೀರು ಬಿಟ್ಟುಕೊಂಡು ಉಜ್ಜಿ, ಬಂದ ರಾಡಿಯನ್ನು ಬಟ್ಟೆಯಲ್ಲಿ ಒರೆಸಿ ಬೇರೆಯಾಗಿ ಕಟ್ಟಿಡಿ, ಗಿಡಕ್ಕೆ ಚೆಲ್ಲಬೇಡಿ. ಮೊದಲು 220 ನಂಬರಿನ ವಾಟರ್ ಪೇಪರ್, ಆಮೇಲೆ ಅದಕ್ಕಿಂತ ನುಣುಪಾದ 400. ಇಲ್ಲಿ ಹತ್ತಿರದಿಂದ ನೋಡಿ, ಎಡಗಡೆ ಉಜ್ಜಿಲ್ಲ, ಬಲಗಡೆ ಉಜ್ಜಿದೆ. ಬಲಗಡೆ ಬೆರಳಾಡಿಸಿದರೆ ಸ್ಲೇಟಿನ ಹಾಗೆ ಹಿಡಿಯುತ್ತದೆ. ಆ ಹಿಡಿತವಿಲ್ಲದಿದ್ದರೆ ಲೇಪನ ಗಾಜಿನ ಮೇಲೆ ನಿಲ್ಲುವುದಿಲ್ಲ, ಆರು ತಿಂಗಳಲ್ಲಿ ಹಾಲಿನ ಕೆನೆಯಂತೆ ಸುಲಿದು ಬರುತ್ತದೆ.

ಹಳೆಯ ಬಣ್ಣ ಕೀಳುವ ದ್ರಾವಣ ಹಾಕಿದರೆ ಬೇಗ ಆಗುತ್ತದೆ ಎಂದು ಯಾರಾದರೂ ಹೇಳಬಹುದು. ಮೆಥಿಲೀನ್ ಕ್ಲೋರೈಡ್ ಎಂಬ ರಾಸಾಯನಿಕ ಇರುವುದನ್ನಂತೂ ಮುಟ್ಟಲೇಬೇಡಿ. ಅಮೆರಿಕದಲ್ಲಿ 2000ರಿಂದ 2011ರ ನಡುವೆ ಸ್ನಾನದ ತೊಟ್ಟಿಗಳಿಗೆ ಮರುಲೇಪನ ಮಾಡುವ 13 ಕೆಲಸಗಾರರು ಅದರ ಆವಿಯಿಂದ ಸತ್ತಿದ್ದಾರೆ. ಆ ಆವಿ ಗಾಳಿಗಿಂತ ಭಾರ. ತೊಟ್ಟಿಯೊಳಗೆ ನೀರಿನ ಹಾಗೆ ತುಂಬಿ ನಿಲ್ಲುತ್ತದೆ, ಬಗ್ಗಿ ಉಜ್ಜುವವರ ಮುಖ ಅಲ್ಲೇ ಇರುತ್ತದೆ. ಕೂಲಿಗಾಗಿ ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಕೆಲಸ ಮಾಡುತ್ತಿದ್ದವರು. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮದು ಮೂರು ಕಡೆ ತೆರೆದ ಜಗಲಿ, ಆದರೂ ಫ್ಯಾನ್ ಇಟ್ಟಿದ್ದೇನೆ, ಅದರ ಸದ್ದೇ ನಿಮಗೆ ಕೇಳುತ್ತಿರುವುದು.

ಪುಟ್ಟಿ ತುಂಬಿದ್ದು, ಒಣಗಿದ ಮೇಲೆ ಉಜ್ಜಿದ್ದು, ಥಿನ್ನರ್‌ನಲ್ಲಿ ಒರೆಸಿದ್ದು, ನೋಡುತ್ತಿದ್ದೀರಿ. ಎರಡು ಡಬ್ಬಿ ಬೆರೆಸುತ್ತಿದ್ದೇನೆ. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್. ಬೆರೆಸಿದ ಮೇಲೆ ಮುಕ್ಕಾಲು ಗಂಟೆಯೊಳಗೆ ಮುಗಿಸಬೇಕು. ಮೊದಲ ಕೋಟ್ ನೋಡಿ ಎದೆಗುಂದಬೇಡಿ, ಕೆಳಗಿನ ಕಲೆಯೆಲ್ಲ ಕಾಣುತ್ತದೆ. ಎರಡನೆಯದು ಹಾಕಿ ಮುಗಿಸಿದಾಗ ರಾತ್ರಿ ಹತ್ತು. ದೀಪದ ಬೆಳಕು ಅದರ ಮೇಲೆ ಬಿದ್ದಾಗ... ಇಲ್ಲಿ ನಾನು ಮಾತಾಡುವುದಿಲ್ಲ, ನೋಡಿ.

ಇನ್ನು ಬೆಳಗಿನ ಜಾವದ ಕಥೆ. ಈ ಸಿಂಕಿಗೆ ಎರಡು ನಲ್ಲಿಗಳು. ಒಂದು ಮೇಲಿನ ಟ್ಯಾಂಕಿನದು, ಇನ್ನೊಂದು ಬೀದಿಯ ನಲ್ಲಿ ನೀರಿನದು. ಟ್ಯಾಂಕಿನ ವಾಲ್ವ್ ಮುಚ್ಚಿದ್ದೆ. ಎರಡೂ ನಲ್ಲಿಗಳ ಬಾಯಿಗೆ ಪ್ಲಾಸ್ಟಿಕ್ ಕವರ್ ಹಾಕಿ ಟೇಪು ಸುತ್ತಿದ್ದೆ. ಬೀದಿಯ ನಲ್ಲಿಯಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ, ಯಾವ ಹೊತ್ತಿಗೆಂದು ಹೇಳಲಾಗುವುದಿಲ್ಲ. ಹಾಗಾಗಿ ಅಮ್ಮ ಮೂವತ್ತು ವರ್ಷದಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಮಲಗುವ ಮೊದಲು ಆ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಿಡುವುದು, ಕೆಳಗೆ ಸ್ಟೀಲ್ ಬೋಗುಣಿ ಇಡುವುದು. ನೀರು ಬಂದರೆ ಬೋಗುಣಿಯ ಸದ್ದಿಗೆ ಎಚ್ಚರ. ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಇದೇ ಅಲಾರಂ. ಈ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಅದು ಹಳೆಯ ಪಿತ್ತಾಳೆ ನಲ್ಲಿ, ಹಿಡಿ ಎತ್ತ ತಿರುಗಿಸಿದರೂ ಸುಮ್ಮನೆ ಸುತ್ತುತ್ತದೆ. ನೀರಿಲ್ಲದಾಗ ತೆರೆದ ನಲ್ಲಿಯೂ ಮುಚ್ಚಿದ ನಲ್ಲಿಯೂ ಒಂದೇ ಥರ ಕಾಣುತ್ತವೆ. ಅದು ತೆರೆದೇ ಇದ್ದದ್ದು ನನಗೆ ತಿಳಿಯಲಿಲ್ಲ. ನೀರು ಬರಬೇಕಾದದ್ದು ಇನ್ನೂ ಎರಡು ದಿನ ಬಿಟ್ಟು. ಆರನೆಯ ದಿನಕ್ಕೇ ಬಂತು.

ನಾಲ್ಕೂವರೆ. ಕವರ್ ಬಲೂನಿನಂತೆ ಉಬ್ಬಿ, ಟೇಪು ಕಿತ್ತು, ನೀರೆಲ್ಲ ಒಮ್ಮೆಗೇ ಸಿಂಕಿನೊಳಗೆ ಬಿತ್ತು. ಬೋಗುಣಿ ಇರಲಿಲ್ಲ, ಸದ್ದಾಗಲಿಲ್ಲ. ಅಮ್ಮ ಐದು ಗಂಟೆಗೆ ಎದ್ದು ನೋಡಿದಾಗ ಅರ್ಧ ಗಂಟೆಯಿಂದ ಹರಿಯುತ್ತಿತ್ತು. ಆರೂವರೆ ಗಂಟೆ ವಯಸ್ಸಿನ ಲೇಪನ! ಓಡಿ ಬಂದು ನೋಡುತ್ತೇನೆ, ನಲ್ಲಿಯ ನೇರಕ್ಕೆ ಒಂದು ಕುಳಿ, ಅಲ್ಲಿಂದ ತೂತಿನವರೆಗೆ ಬೂದಿ ಎರಚಿದಂತೆ ಮಬ್ಬು. ಮುಟ್ಟಿದರೆ ಮೇಣದ ಹಾಗೆ ಜಿಡ್ಡು. ಪೂರ್ತಿ ಗಟ್ಟಿಯಾಗದ ಎಪಾಕ್ಸಿಗೆ ನೀರು ತಾಗಿದರೆ ಹೀಗಾಗುತ್ತದೆ. ಹಾರ್ಡ್‌ನರ್‌ನಲ್ಲಿರುವ ಅಮೀನ್ ಎಂಬ ರಾಸಾಯನಿಕ ತೇವದ ಜೊತೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಈ ಜಿಡ್ಡನ್ನು ಮೇಲಕ್ಕೆ ತರುತ್ತದೆ. ಇದೆಲ್ಲ ಆಮೇಲೆ ಓದಿ ತಿಳಿದದ್ದು. ಆಗ ನೆಲದ ಮೇಲೆ ಕುಳಿತು ಅತ್ತೆ. ಅಮ್ಮನ ಮೇಲೆ ಕೂಗಿದೆ.

ಅಮ್ಮ ಕೊಡ ತುಂಬಿಸುತ್ತಲೇ ಹೇಳಿದರು, “ನಲ್ಲಿ ಬಿಡದಿದ್ದರೆ ನೀರು ಬಂದದ್ದು ಗೊತ್ತಾಗುವುದು ಹೇಗೆ? ಎಂಟು ದಿನ ನೀನು ಏನು ಕುಡಿಯುತ್ತೀಯೆ?” ನನ್ನ ಬಳಿ ಉತ್ತರವಿರಲಿಲ್ಲ. ಸಿಂಕಿಗೆ ಬಣ್ಣ ಹಚ್ಚುವವಳು ನೀರು ಬರುವ ದಾರಿಯನ್ನು ಮೊದಲು ನೋಡಬೇಕಿತ್ತು. ಬರುವ ನೀರಿಗೆ ಅಮ್ಮ ಕಾಯುತ್ತಾರೆ, ನಾನಲ್ಲ. ಆ ಬೆಳಿಗ್ಗೆ ಹನ್ನೊಂದು ಕೊಡ ಒಳಗೆ ಹೊತ್ತು ಹಾಕಿದೆ. ಅದು ವಿಡಿಯೊದಲ್ಲಿಲ್ಲ.

ದುರಸ್ತಿ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಮೂರು ದಿನ ಹಾಗೇ ಬಿಟ್ಟು ಗಟ್ಟಿಯಾಗಲು ಕೊಟ್ಟೆ. ಉಗುರು ಬೆಚ್ಚನೆಯ ಸೋಪು ನೀರಿನಲ್ಲಿ ಜಿಡ್ಡು ತೊಳೆದೆ, ತೊಳೆಯದೆ ಉಜ್ಜಿದರೆ ಅದು ಒಳಗೆ ಹರಡುತ್ತದೆ. ಕುಳಿಗೆ ಪುಟ್ಟಿ, 400ರ ಪೇಪರ್, ಉಳಿದಿದ್ದ ಲೇಪನದಲ್ಲಿ ಒಂದು ತೆಳುವಾದ ಕೋಟ್. ಈ ಸಲ ಬೀದಿಯ ನಲ್ಲಿಯನ್ನೇ ಬಿಚ್ಚಿಸಿ, ಪೈಪಿನ ಬಾಯಿ ಮುಚ್ಚುವ ಡಮ್ಮಿ ಹಾಕಿಸಿದೆ. ಜಗಲಿಯ ಹೊರಗೆ ತಾತ್ಕಾಲಿಕ ನಲ್ಲಿ, ಅದರ ಕೆಳಗೆ ಅಮ್ಮನ ಬೋಗುಣಿ.

ಹತ್ತನೆಯ ದಿನ. ಪಕ್ಕದಿಂದ ನೋಡಿದರೆ ಕುಳಿ ಇದ್ದ ಜಾಗ ಸ್ವಲ್ಪ ಅಲೆಯಂತೆ ಕಾಣುತ್ತದೆ, ಅದನ್ನು ಮರೆಮಾಚಲು ಕ್ಯಾಮೆರಾ ತಿರುಗಿಸಿಲ್ಲ. ಬಣ್ಣ ಬಳಿಯುವುದು ಸರಿಯಲ್ಲ ಎಂದಿದ್ದೆನಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಅರ್ಧ ಮಾತ್ರ. ಕಬ್ಬಿಣ ಕಾಣುವಷ್ಟು ಹೋಗಿದ್ದರೆ ಮಾಡಿ. ಬರೀ ಕಲೆ, ಬರೀ ಮಂಕು ಇದ್ದರೆ ಉಜ್ಜಿ ತೊಳೆದು ಬಿಟ್ಟುಬಿಡಿ, ಗಾಜು ಇರುವಷ್ಟು ದಿನ ಗಾಜೇ ಇರಲಿ. ಲೇಪನದ ಮೇಲೆ ಕುದಿಯುವ ಗಂಜಿ ಬಸಿಯಬಾರದು, ಕಬ್ಬಿಣದ ನಾರಿನಲ್ಲಿ ಉಜ್ಜಬಾರದು. ಅಮ್ಮ ಈಗ ಗಂಜಿಯನ್ನು ದನದ ಬಾನಿಗೆ ಬಸಿಯುತ್ತಾರೆ. ತಳದಲ್ಲಿ ಮಡಿಸಿದ ಗೋಣಿತಾಟು ಹಾಸಿದ್ದಾರೆ, ಅದು ನಾನು ಹೇಳಿದ್ದಲ್ಲ.

ಅಗೋ, ಹೊರಗೆ ಬೋಗುಣಿ ಸದ್ದಾಯಿತು. ನೀರು ಬಂತು, ಕ್ಯಾಮೆರಾ ಇಡುತ್ತೇನೆ.