ಕಿವ್ಯಾಗ ಧಸ್ ಧಸ್ ಅಂತದೇನ್ರಿ? ನಾಡಿ ಹಿಡೀರಿ

ಶರಣ್ರಿ ಎಲ್ಲರಿಗೂ. ಕಿವ್ಯಾಗ ಸಪ್ಪಳ ಬರ್ತದ್ರಿ ಡಾಕ್ಟ್ರೇ ಅಂತ ನನ್ನ ಹತ್ರ ದಿನಾ ಯಾರರೆ ಬರ್ತಾರ. ಅದು ಹುಳ ಕೂಗಿದಂಗ ಕುಂಯ್ ಅಂತ ಒಂದೇ ಸವನ ಬರ್ತದೋ, ಧಸ್ ಧಸ್ ಅಂತ ತಾಳ ಹಿಡಿದು ಬರ್ತದೋ? ಕುಂಯ್ ಅನ್ನೋದರ ಸುದ್ದಿ ಇನ್ನೊಂದಿನ. ತಾಳದ್ದಕ್ಕ ಪಲ್ಸಟೈಲ್ ಟಿನ್ನಿಟಸ್ ಅಂತಾರ, ಹೆಸರು ಮರೀರಿ, ನಾಡಿ ಹಿಡೀರಿ ಅಂದಿದ್ದಷ್ಟೇ ನೆನಪಿಡ್ರಿ.

ಆಳಂದ ಕಡಿಯಾಕಿ ಒಬ್ಬಾಕಿ ಅವ್ವ, 45ರ ಆಸುಪಾಸು, ಇಲ್ಲೇ ಕಲಬುರಗ್ಯಾಗ ಮಗನ ಮನಿಗಿ ಬಂದಿದ್ಲು, ಬಾಜೂಕೇ ದಾಲ್ ಮಿಲ್. ರಾತ್ರಿ ದಿಂಬಿಗಿ ತಲಿ ಇಟ್ರ ಸಾಕು ಧಸ್ ಧಸ್, ಈ ಮಿಲ್ಲಿನೋರು ರಾತ್ರಿನೂ ಮಷೀನ್ ಹಚ್ಚಿ ಕುಂತಾರ ಅಂತ ಒಂದೇ ಗಲಾಟಿ, ಪಾಪ ಮಗ ಹನ್ನೆರಡಕ್ಕ ಎದ್ದು ಹೋಗಿ ನೋಡಿದ್ರ ಗೇಟಿಗಿ ಕೀಲಿ, ವಾಚ್‌ಮನ್ ಸೈತ ಮಲಗ್ಯಾನ. ವಾಪಸ್ ಊರಿಗಿ ಹೋದ್ರ ಮಿಲ್ಲೂ ಬೆನ್ನ ಹತ್ತಿ ಬಂತು! ಬಳ್ಳೊಳ್ಳಿ ಎಣ್ಣಿ ಕಾಸಿ ಹಾಕ್ಯಾರ, ಕಿವಿ ಸುಟ್ಟುಕೊಂಡು ಬಂದಾಳ. ಎಷ್ಟು ಹೇಳ್ಬೇಕ್ರಿ ಎಣ್ಣಿ ಹಾಕಬ್ಯಾಡ್ರಂತ.

ನಾ ಆಕಿ ಎಡಗೈ ನಾಡಿ ಹಿಡ್ಕೊಂಡು, ಯವ್ವಾ, ಕಿವ್ಯಾಗ ಧಸ್ ಅಂದಾಗೊಮ್ಮೆ ಬಲಗೈಲೆ ಟೇಬಲ್ ಬಡಿ ಅಂದೆ. ನನ್ನ ಬೆರಳಿನ ಕೆಳಗ ಒಂದು, ಟೇಬಲ್ ಮ್ಯಾಲ ಒಂದು, ಎರಡೂ ಕೂಡೇ ಬೀಳ್ಲಿಕತ್ತಾವ. ಮೆಟ್ಲ ಹತ್ತಿ ಇಳಿಸಿದೆ, ನಾಡಿ ಓಡಿದಂಗ ಸಪ್ಪಳನೂ ಓಡ್ತು. ರಕ್ತ ಚೆಕ್ ಮಾಡಿಸಿದ್ರ ಹಿಮೋಗ್ಲೋಬಿನ್ 6, ಹೆಣ್ಮಕ್ಕಳಿಗಿ 12ರ ಮ್ಯಾಲ ಇರಬೇಕಾದ್ದು. ರಕ್ತ ತೆಳ್ಳಗಾತಂದ್ರ ಹಾರ್ಟು ಅದನ್ನ ಜೋರಾಗಿ ಓಡಿಸ್ತದ, ಕಿವಿ ಬಾಜೂಕಿನ ನಾಳದಾಗ ಹಳ್ಳ ಹರಿದಂಗ ಕೇಳ್ತದ. ಮುಟ್ಟಿನಾಗ ಭಾಳ ಹೋಗ್ತಿತ್ತಂತ, ಯಾರಿಗೂ ಹೇಳಿದ್ದಿಲ್ಲ. ಅದಕ್ಕ ಟ್ರೀಟ್‌ಮೆಂಟ್ ಆತು, ಕಬ್ಬಿಣದ ಗುಳಿಗಿ ಕೊಟ್ವಿ, ದೀಪಾವಳಿಗಿ ಬಂದಾಕಿಗಿ ಸಂಕ್ರಾಂತಿ ಅನ್ನೋಷ್ಟರಾಗ ಮಿಲ್ ಬಂದ್!

ಅಯ್ಯ, ಗಾಜಿನ ಆಚೀಕಿಂದ ರೇಡಿಯೋದೋರು ಟೈಮ್ ಆತಂತ ಕೈ ಮಾಡ್ಲಿಕತ್ತಾರ. ಲಗೂನ ಹೇಳ್ತೀನಿ. ಥೈರಾಯ್ಡ್, ಬಿಪಿ, ಕುತ್ತಿಗಿ ನಾಳದಾಗ ಕೊಬ್ಬು ಕಟ್ಟೋದು, ಕಿವಿ ಒಳಗಿನ ಸಣ್ಣ ಗಡ್ಡಿ, ಇವೂ ಹಂಗೇ ಸಪ್ಪಳ ಮಾಡ್ತಾವ, ಒಂದೊಂದ್ಸಲ ಕಿವಿ ಹಿಂದ ಸ್ಟೆತಸ್ಕೋಪ್ ಇಟ್ರ ನಮಗೂ ಕೇಳ್ತದ. ಒಂದೇ ಕಿವ್ಯಾಗ ಇತ್ತಂದ್ರ ಸ್ಕ್ಯಾನ್ ಬೇಕೇ ಬೇಕು. ಅದರ ಜೋಡಿ ತಲಿನೋವು, ಬಗ್ಗಿ ಎದ್ರ ಕಣ್ಣಿಗಿ ಕತ್ತಲಿ ಬರೋದು, ಮಬ್ಬು ಕಾಣೋದು ಇದ್ರ, ಅದರಾಗೂ ಮೈ ಜಾಸ್ತಿ ಇರೋ ಹರೇದ ಹೆಣ್ಮಕ್ಕಳಿಗಿ, ತಲಿ ಒಳಗ ಪ್ರೆಶರ್ ಏರಿರಬಹುದು, ಕಣ್ಣೇ ಹೋಗ್ತಾವ, ಅವತ್ತೇ ತೋರಿಸ್ರಿ. ಬಾಯಿ ಸೊಟ್ಟ ಆತು, ಕೈಕಾಲು ಸೋತುವು ಅಂದ್ರ 108.

ಇವತ್ತ ರಾತ್ರಿ ಧಸ್ ಅಂದ್ರ ನಾಡಿ ಮ್ಯಾಲ ಬೆರಳು ಇಡ್ರಿ, ಎರಡೂ ಕೂಡಿದ್ವೋ ಇಲ್ಲೋ ನಾಳಿ ಡಾಕ್ಟರಿಗಿ ಹೇಳ್ರಿ. ಎಣ್ಣಿ ಬಾಟ್ಲಿ ಅಡಗಿ ಮನ್ಯಾಗೇ ಇರ್ಲಿ. ಶರಣ್ರಿ.