ಉದ್ರಿ ಪುಸ್ತಕದ ಸಾಕ್ಷಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಗುಳೇದಗುಡ್ಡದ ಕಡೆ ಕ್ರೈಸ್ತರ ಮನೆಗಳಲ್ಲಿ ಸಂಜೆ ಪ್ರಾರ್ಥನಾ ಕೂಟ ನಡೆಯುವುದುಂಟು. ಎರಡು ಹಾಡು, ಒಂದು ಪ್ರಾರ್ಥನೆ ಆದ ಮೇಲೆ ಸಾಕ್ಷಿಗೆ ಅಂತ ಸ್ವಲ್ಪ ಹೊತ್ತು ಬಿಡುತ್ತಾರೆ. ಯಾರು ಬೇಕಾದರೂ ಮಾತಾಡಬಹುದು. ದೇವರು ತಮಗೆ ಏನು ಒಳ್ಳೆಯದು ಮಾಡಿದ ಅಂತ ಹೇಳಬಹುದು. ಆಗ ಬಹಳ ಮಂದಿ ಹೇಳುವುದು ಅಜ್ಜನ ಕಥೆ. ಇಲ್ಲವೇ ಮುತ್ತಜ್ಜಿಯ ಕಥೆ. ಅವರು ಹೇಗೆ ನಂಬಿದರು, ಊರವರು ಏನಂದರು, ಬರಗಾಲದಲ್ಲಿ ದೇವರು ಹೇಗೆ ಕಾಪಾಡಿದ, ಇಂಥವು.

ಈ ಕಥೆಗಳೆಂದರೆ ನನಗೆ ಜೀವ. ನಮ್ಮ ಭಾಗದ ಸಭೆಗಳು, ಅಂದರೆ ಕ್ರೈಸ್ತ ಸಮುದಾಯಗಳು, ನಿನ್ನೆ ಮೊನ್ನೆ ಹುಟ್ಟಿದವಲ್ಲ. ಲಂಡನ್ ಮಿಷನ್ನಿನವರು 1820ರಲ್ಲೇ ಬೆಳಗಾವಿಗೆ ಬಂದಿದ್ದರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ದಾಟಿ 1850ರ ಸುಮಾರಿಗೆ ಗುಳೇದಗುಡ್ಡ ತಲುಪಿದರು. ಅಂದರೆ ನಮ್ಮಲ್ಲಿ ಕೆಲವು ಮನೆಗಳಿಗೆ ಐದಾರು ತಲೆಮಾರಿನ ನಂಬಿಕೆ ಇದೆ. ಅದು ಸಣ್ಣ ಆಸ್ತಿಯಲ್ಲ.

ಆದರೆ ಅಜ್ಜನ ಕಥೆ ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ನಿನಗೆ? ಈ ವಾರ, ನಿನ್ನ ಮನೆಯಲ್ಲಿ, ನಿನ್ನ ಕೆಲಸದಲ್ಲಿ ದೇವರು ಒಳ್ಳೆಯವನು ಅಂತ ನಿನಗೆ ಗೊತ್ತಾದದ್ದು ಯಾವಾಗ?

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಮನ್ನ ಎಂಬ ಆಹಾರದ ಸಂಗತಿ ಬರುತ್ತದೆ. ವಿಮೋಚನಕಾಂಡದ 16ನೇ ಅಧ್ಯಾಯ. ಇಸ್ರಾಯೇಲರು ಮರಳುಗಾಡಿನಲ್ಲಿದ್ದರು. ದಿನಾ ಬೆಳಿಗ್ಗೆ ನೆಲದ ಮೇಲೆ ಆಹಾರ ಬೀಳುತ್ತಿತ್ತು. ಅವತ್ತಿನದನ್ನು ಅವತ್ತೇ ಕೂಡಿಸಿಕೊಂಡು ತಿನ್ನಬೇಕು. ನಾಳೆಗೆ ಇರಲಿ ಅಂತ ಇಟ್ಟುಕೊಂಡವರ ಮನ್ನ ಹುಳ ಬಿದ್ದು ನಾರಿತು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿಗೆ ಮಾತ್ರ ಹಿಂದಿನ ದಿನವೇ ಎರಡರಷ್ಟು ಸಿಗುತ್ತಿತ್ತು, ಅದು ಕೆಡುತ್ತಿರಲಿಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಅದೇ ಅಧ್ಯಾಯದ ಕೊನೆಗೆ ಇನ್ನೊಂದು ಮಾತಿದೆ, ಅದನ್ನು ನಾವು ಜಾಸ್ತಿ ಗಮನಿಸುವುದಿಲ್ಲ. ಒಂದು ಪಾತ್ರೆಯಲ್ಲಿ ಸ್ವಲ್ಪ ಮನ್ನ ತುಂಬಿ, ಮುಂದಿನ ತಲೆಮಾರಿನವರು ನೋಡಲಿ ಅಂತ ದೇವರ ಮುಂದೆ ಇಡಲು ಅಪ್ಪಣೆಯಾಯಿತು. ಆ ಪಾತ್ರೆ ನೋಡುವುದಕ್ಕೆ ಇತ್ತು. ಅದರಿಂದ ಯಾರ ಹೊಟ್ಟೆಯೂ ತುಂಬಲಿಲ್ಲ. ಹೊಟ್ಟೆಗೆ ಅಂದಂದಿನ ಮನ್ನವೇ ಬೇಕಿತ್ತು. ನಮ್ಮ ಅಜ್ಜ ಮುತ್ತಜ್ಜರ ಸಾಕ್ಷಿ ಆ ಪಾತ್ರೆಯ ಮನ್ನ ಅಂತ ನನಗೆ ಅನಿಸುತ್ತದೆ. ಮಕ್ಕಳಿಗೆ ತೋರಿಸಬೇಕು, ಜೋಪಾನ ಮಾಡಬೇಕು. ಅದನ್ನೇ ನಂಬಿಕೊಂಡು ಬದುಕಲಾಗದು.

ನಾನು ಕೇಳಿದ ಸಾಕ್ಷಿಗಳಲ್ಲಿ ಮರೆಯಲಾಗದ ಒಂದನ್ನು ಇವತ್ತು ಹೇಳಬೇಕು. ಅದನ್ನು ಹೇಳಿದವರು ಒಬ್ಬ ನೇಕಾರ ಅಕ್ಕ. ಗುಳೇದಗುಡ್ಡದ ಖಣ ನಿಮಗೆ ಗೊತ್ತೇ ಇದೆ. ಕುಪ್ಪಸದ ಬಟ್ಟೆ. ಮನೆಯೊಳಗೆ ಕುಣಿ ಮಗ್ಗ, ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವುದು. ನೂಲು ಮಾಲೀಕರದು, ನೇಕಾರರಿಗೆ ಕೂಲಿ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತಲ್ಲ, ಮದುವೆ ನಿಂತವು, ಜಾತ್ರೆ ನಿಂತವು, ಮಹಾರಾಷ್ಟ್ರದ ಪೇಟೆಗೆ ಹೋಗುವ ಮಾಲೂ ನಿಂತಿತು. ನೂಲು ಬರುವುದು ನಿಂತ ಮೇಲೆ ಮಗ್ಗದ ಸಪ್ಪಳವೂ ನಿಂತಿತು.

ಮುಂದೆ ಒಂದು ಬೆಳೆ ಹಬ್ಬದಲ್ಲಿ ಈ ಅಕ್ಕ ಮಾತಾಡಲು ಎದ್ದರು. ಬೆಳೆ ಹಬ್ಬ ಅಂದರೆ ಹೊಸ ಜೋಳ, ಕಾಯಿಪಲ್ಲೆ, ಕೋಳಿ, ತತ್ತಿ ಏನಿದೆಯೋ ಅದನ್ನು ಜನ ಗುಡಿಗೆ, ಅಂದರೆ ಚರ್ಚಿಗೆ, ತರುತ್ತಾರೆ. ಆರಾಧನೆ ಆದ ಮೇಲೆ ಅವನ್ನು ಸವಾಲಿಗೆ, ಅಂದರೆ ಹರಾಜಿಗೆ, ಹಾಕುತ್ತಾರೆ. ಬಂದ ಹಣ ಸಭೆಗೆ. ಈ ಅಕ್ಕನಿಗೆ ಹೊಲವಿಲ್ಲ. ಕೈಯಲ್ಲಿ ಒಂದು ಸಣ್ಣ ಪುಸ್ತಕ ಇತ್ತು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ.

ಅವರು ಅದನ್ನು ತೆರೆದು ಓದತೊಡಗಿದರು. ಜೋಳ ಐದು ಕೇಜಿ. ಶೇಂಗಾ ಎಣ್ಣೆ ಅರ್ಧ ಕೇಜಿ. ತೊಗರಿ ಬೇಳೆ. ಬೆಲ್ಲ. ಚಾ ಪುಡಿ. ಮತ್ತೆ ಜೋಳ. ತಾರೀಕು ಸಮೇತ ಪುಟದ ಮೇಲೆ ಪುಟ ಓದಿದರು. ಮೊದಲು ಕೆಲವರಿಗೆ ಇದೇನು ಅನಿಸಿತು. ಆಮೇಲೆ ಎಲ್ಲರೂ ಸುಮ್ಮನೆ ಕೂತು ಕೇಳಿದರು. ಪುಸ್ತಕ ಮುಚ್ಚಿ ಅವರು ಹೇಳಿದ್ದು ಇಷ್ಟೇ: "ಒಂದ್ ದಿನಾನೂ ಒಲಿ ಹಚ್ಚದ ಮಲಗಿಲ್ರಿ. ಅಂಗಡಿ ಅಣ್ಣಾರು ಒಮ್ಮೆನೂ ರೊಕ್ಕ ಕೇಳ್ಲಿಲ್ರಿ. ಹುಡುಗ್ರಿಗೆ ಬಿಸ್ಕಿಟ್ ಕೊಡತಿದ್ರು, ಅದನ್ನ ಇದರಾಗ ಬರದ ಇಲ್ರಿ. ಈಗ ಎಲ್ಲಾ ತೀರಿಸೀನಿ. ದೇವರಿಗೆ ಸ್ತೋತ್ರ."

ಆ ಅಂಗಡಿಯವರು ಕ್ರೈಸ್ತರಲ್ಲ. ಹೊರಗೆ ಬಂದಾಗ ಒಬ್ಬ ಹಿರಿಯರು, ಇದು ಅಂಗಡಿಯವರ ಒಳ್ಳೆಯತನ ಆಯಿತಲ್ಲ, ದೇವರ ಒಳ್ಳೆಯತನ ಎಲ್ಲಿ ಬಂತು ಅಂದರು. ಹಿರಿಯರ ಮೇಲೆ ನನಗೆ ಗೌರವವಿದೆ. ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ದೇವರ ಒಳ್ಳೆಯತನ ಅಂದರೆ ಆಕಾಶದಿಂದ ನೇರವಾಗಿ ಇಳಿಯಬೇಕು, ನಡುವೆ ಮನುಷ್ಯನ ಕೈ ಇರಬಾರದು ಅಂತ ನಾವು ಅಂದುಕೊಂಡರೆ, ಬದುಕಿನಲ್ಲಿ ಸಿಕ್ಕ ಒಳ್ಳೆಯದರಲ್ಲಿ ಬಹುಪಾಲನ್ನು ಗುರುತಿಸದೆಯೇ ಹೋಗುತ್ತೇವೆ.

ಸತ್ಯವೇದದ 34ನೇ ಕೀರ್ತನೆ ನೋಡಿ. ದೇವರು ಒಳ್ಳೆಯವನು ಅನ್ನುವುದನ್ನು ಸವಿದು ನೋಡಿ ಅಂತ ದಾವೀದ ಕರೆಯುವುದು ಅಲ್ಲೇ. ಅರಮನೆಯಲ್ಲಿ ಉಂಡು ಕೂತು ಹಾಡಿದ್ದು ಅಂತ ಅಂದುಕೊಳ್ಳಬೇಡಿ. ಆ ಕೀರ್ತನೆಯ ತಲೆಬರಹವೇ ಅದು ಯಾವಾಗಿನದು ಅಂತ ಹೇಳುತ್ತದೆ. ದಾವೀದ ಇನ್ನೂ ಅರಸನಾಗಿರಲಿಲ್ಲ, ಇಸ್ರಾಯೇಲರ ಅರಸ ಸೌಲನಿಗೆ ಹೆದರಿ ಓಡುತ್ತಿದ್ದ ಕಾಲ. ಗತ್ ಊರಿನ ಅರಸನ ಮುಂದೆ ಸಿಕ್ಕಿಬಿದ್ದು, ಜೀವ ಉಳಿಸಿಕೊಳ್ಳಲು ಹುಚ್ಚನಂತೆ ನಟಿಸಿದ. ಗಡ್ಡದ ಮೇಲೆ ಜೊಲ್ಲು ಸುರಿಸಿದ. ಅಲ್ಲಿಗೆ ಹೋಗುವ ಮೊದಲು ಅವನು ಎಲ್ಲಿದ್ದ? ನೋಬ್ ಎಂಬ ಊರಿನಲ್ಲಿ, ಅಹೀಮೆಲೆಕ ಎಂಬ ಯಾಜಕನ ಮುಂದೆ ಕೈಯೊಡ್ಡಿ ನಿಂತಿದ್ದ. ತಿನ್ನಲು ಐದು ರೊಟ್ಟಿ ಇದ್ದರೆ ಕೊಡು ಅಂತ ಕೇಳಿದ. ಬೇರೆ ಏನೂ ಇರಲಿಲ್ಲ, ಯಾಜಕನು ದೇವರ ಮುಂದಿಟ್ಟಿದ್ದ ರೊಟ್ಟಿಯನ್ನೇ ಎತ್ತಿ ಕೊಟ್ಟ. 1 ಸಮುವೇಲ 21ನೇ ಅಧ್ಯಾಯದಲ್ಲಿದೆ, ಬಿಡುವಾದಾಗ ಓದಿ.

ಸವಿದು ನೋಡಿ ಅಂದವನು ಇನ್ನೊಬ್ಬರ ಕೈಯ ರೊಟ್ಟಿ ತಿಂದವನು. ಅದನ್ನು ಕೊಟ್ಟ ತಪ್ಪಿಗೆ ಸೌಲನು ಅಹೀಮೆಲೆಕನನ್ನು ಕೊಲ್ಲಿಸಿದ, ಅವನ ಜೊತೆ ಬೇರೆ ಯಾಜಕರನ್ನೂ ಕೊಲ್ಲಿಸಿದ. ಆ ರೊಟ್ಟಿಗೆ ಅಷ್ಟು ಬೆಲೆ ಬಿತ್ತು. ನಮಗೆ ಒಳ್ಳೆಯದು ಮಾಡಿದವರು ಅದಕ್ಕಾಗಿ ಏನು ಕಳೆದುಕೊಂಡರು ಅಂತ ನಾವು ಕೇಳುವುದು ಬಹಳ ಕಡಿಮೆ. ಆ ಅಂಗಡಿಯವರಿಗೂ ಸಗಟು ವ್ಯಾಪಾರಿಗಳ ಬಾಕಿ ಇದ್ದೇ ಇರುತ್ತದೆ. ಅವರ ಮನೆಯಲ್ಲೂ ಮಕ್ಕಳಿರುತ್ತಾರೆ.

ದೇವರು ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಮಳೆ ಸುರಿಸುತ್ತಾನೆ ಅಂತ ಯೇಸುಸ್ವಾಮಿ ಹೇಳಿದರು. ವಿಜಯಪುರ, ಬಾಗಲಕೋಟೆಯ ಎರೆ ಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತಿ ಮೋಡ ನೋಡುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬದುವಿನ ಆಚೆಗೂ ಅದೇ ಮಳೆ, ಈಚೆಗೂ ಅದೇ ಮಳೆ. 2019ರ ಆಗಸ್ಟಿನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ಉಕ್ಕಿ ಊರುಗಳಿಗೆ ನುಗ್ಗಿದಾಗ, ಪರಿಹಾರ ಕೇಂದ್ರಗಳಿಗೆ ಖಡಕ್ ರೊಟ್ಟಿಯ ಗಂಟುಗಳು ಬಂದವಲ್ಲ, ನೆನಪಿದೆಯಾ? ಯಾರು ಬಡಿದ ರೊಟ್ಟಿ, ಯಾವ ಜಾತಿ ಅಂತ ಯಾರೂ ಕೇಳಲಿಲ್ಲ. ಹಸಿದವರು ತಿಂದರು.

ಇಲ್ಲಿ ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ನಂಬಿದರೆ ಸಾಲ ತೀರುತ್ತದೆ, ರೋಗ ಹೋಗುತ್ತದೆ, ಮನೆ ಕಟ್ಟುತ್ತೀರಿ, ಅದೇ ದೇವರ ಒಳ್ಳೆಯತನ ಅಂತ ಬೋಧಿಸುವವರು ಇದ್ದಾರೆ. ಹಾಗೆ ಹೇಳುವುದು ಬಡವರಿಗೆ ಮಾಡುವ ಅನ್ಯಾಯ. ನೀತಿವಂತನಿಗೂ ಕಷ್ಟಗಳು ಅನೇಕ ಅಂತ ಅದೇ 34ನೇ ಕೀರ್ತನೆ ಹೇಳುತ್ತದೆ. ಮುರಿದ ಮನಸ್ಸಿನವರ ಹತ್ತಿರ ದೇವರಿದ್ದಾನೆ ಅಂತಲೂ ಹೇಳುತ್ತದೆ. ನಮ್ಮವ್ವ ಹಾಸಿಗೆ ಹಿಡಿದಾಗ ನಾವು ಗುಣವಾಗಲಿ ಅಂತ ಬಹಳ ಬೇಡಿಕೊಂಡೆವು. ಗುಣವಾಗಲಿಲ್ಲ. ಅವ್ವ ಹೋದಳು. ಅದು ಒಳ್ಳೆಯದೇ ಆಯಿತು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಆ ದಿನಗಳಲ್ಲಿ ರಾತ್ರಿ ಅವಳ ಪಕ್ಕ ಕೂರಲು ಓಣಿಯ ಹೆಂಗಸರು ತಾವೇ ಸರದಿ ಮಾಡಿಕೊಂಡು ಬರುತ್ತಿದ್ದರು. ನಾವು ಕರೆದಿರಲಿಲ್ಲ. ನಾನು ಬೇಡಿಕೊಂಡದ್ದು ಬೇರೆ, ಸಿಕ್ಕಿದ್ದು ಬೇರೆ. ಸಿಕ್ಕಿದ್ದನ್ನು ದೇವರು ಕೊಟ್ಟದ್ದಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಈಗ ನಮ್ಮ ಮನೆಯಲ್ಲಿ ರಾತ್ರಿ ಪ್ರಾರ್ಥನೆಗೆ ಕೂತಾಗ ಒಂದು ರೂಢಿ ಇದೆ. ಯೇಸುಸ್ವಾಮಿ ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ಅನುದಿನದ ಆಹಾರವನ್ನು ಈ ಹೊತ್ತು ದಯಪಾಲಿಸು ಅಂತ ಬೇಡುತ್ತೇವೆ, ಅಲ್ವಾ? ಬೇಡುವ ಮೊದಲು ಪ್ರತಿಯೊಬ್ಬರೂ ಇವತ್ತು ಸಿಕ್ಕಿದ್ದನ್ನು ಒಂದು ಹೇಳಬೇಕು. ಇವತ್ತಿನದೇ ಆಗಬೇಕು. ಯಾರ ಕೈಯಿಂದ ಬಂತು ಅನ್ನುವುದನ್ನೂ ಹೇಳಬೇಕು. ಮಕ್ಕಳು ಇದನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ. ಬಸ್ಸಿನಲ್ಲಿ ಒಬ್ಬ ಅಜ್ಜ ಸರಿದು ಜಾಗ ಕೊಟ್ಟರು ಅಂತ ಒಬ್ಬಳು ಹೇಳುತ್ತಾಳೆ. ಲೆಕ್ಕ ತಪ್ಪಿದಾಗ ಟೀಚರ್ ಬೈಯದೆ ಇನ್ನೊಮ್ಮೆ ಹೇಳಿಕೊಟ್ಟರು ಅಂತ ಇನ್ನೊಬ್ಬ. ನಮ್ಮ ಮನೆಯವರು ಮಾತ್ರ ಯೋಚನೆ ಮಾಡುತ್ತಾ ಕೂರುತ್ತಾರೆ. ಆದರೂ ಕೊನೆಗೆ ಒಂದು ಸಿಗುತ್ತದೆ. ಆ ಹೆಸರು ಹಿಡಿದು ಪ್ರಾರ್ಥಿಸುತ್ತೇವೆ. ಮಾರನೆಯ ದಿನ ಆ ಮನುಷ್ಯರು ಎದುರಿಗೆ ಸಿಕ್ಕರೆ ಸುಮ್ನೆ ದಾಟಿ ಹೋಗಲು ಆಗುವುದಿಲ್ಲ, ನಿಂತು ಮಾತಾಡಿಸುತ್ತೇವೆ.

ಕೆಲವು ರಾತ್ರಿ ಹೇಳಲು ಏನೂ ಇರುವುದಿಲ್ಲ. ಅದು ನಿಜ. ಈ ಮಾತು ಕೇಳುತ್ತಿರುವ ಯಾರಿಗೋ ಇವತ್ತು ಅಂಥ ದಿನವೇ ಆಗಿರಬಹುದು. ದಾವೀದ ಗತ್ ಊರಿಂದ ತಪ್ಪಿಸಿಕೊಂಡು ಅದುಲ್ಲಾಮ್ ಗವಿ ಸೇರಿದ. ಅಲ್ಲಿ ಅವನ ಹತ್ತಿರ ಬಂದವರು ಸುಮಾರು 400 ಮಂದಿ. ಕುಗ್ಗಿದವರು, ಸಾಲಗಾರರು, ಮನಸ್ಸು ನೊಂದವರು. ಅವರಲ್ಲಿ ಎಷ್ಟು ಮಂದಿಗೆ ಹಾಡಲು ಬಾಯಿ ಬಂದಿರಬಹುದು ಹೇಳಿ? ಅವರಿಗೆ ಗವಿಯಲ್ಲಿ ಜಾಗ ಸಿಕ್ಕಿತು. ನಮ್ಮ ಮನೆ ಕೂಟಗಳೂ ಹಾಗೇ ಇರಬೇಕು. ಹಾಡದಿದ್ದರೂ ಪರವಾಗಿಲ್ಲ, ಸಾಕ್ಷಿ ಹೇಳದಿದ್ದರೂ ಪರವಾಗಿಲ್ಲ. ಬನ್ನಿ, ಕೂತುಕೊಳ್ಳಿ, ಕೇಳಿಸಿಕೊಳ್ಳಿ. ಪ್ರಾರ್ಥನೆ ಆದ ಮೇಲೆ ಚಾ, ಚುರಮುರಿ ಇರುತ್ತದೆ. ನಿಮಗೆ ಹೇಳಬೇಕು ಅನಿಸಿದ ದಿನ ಹೇಳಿ, ಅಲ್ಲಿಯವರೆಗೆ ನಾವು ನಮ್ಮದನ್ನು ಹೇಳುತ್ತಿರುತ್ತೇವೆ.

ನಮಸ್ಕಾರ.